ವರನ ಪಕ್ಕದಲ್ಲಿ

ದೇಶಾಂತರ ಹೋದವನು ಊರಿಗೆ ಹಿಂದಿರುಗುವಾಗ ತನ್ನ ಗಂಟಿನಲ್ಲಿ ಒಂದು ಭ್ರಮೆಯನ್ನೂ ಕಟ್ಟಿಕೊಂಡು ಬರುತ್ತಾನೆ. ತಾನು ಕಂಡದ್ದನ್ನೆಲ್ಲ ಕೇಳಲು ಊರು ಕಾತರದಿಂದ ಕುಳಿತಿದೆ ಎಂಬುದೇ ಆ ಭ್ರಮೆ. ಏಳು ವರ್ಷ ಸರಕುಹಡಗುಗಳ ಎಂಜಿನುಕೋಣೆಯಲ್ಲಿ ದುಡಿದು, 1988ನೆಯ ಇಸವಿಯ ಜನವರಿಯಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದಾಗ ನಾನೂ ಅದನ್ನು ಹೊತ್ತಿದ್ದೆ. ರಾಟರ್‌ಡ್ಯಾಮಿನ ಮಂಜು, ಸುಯೆಜ್ ಕಾಲುವೆಯ ಇಕ್ಕೆಲದ ಮರಳು, ವಾಲ್ಪರೈಸೊ ಊರಿನ ಗುಡ್ಡವನ್ನೇರುವ ಮನೆಗಳ ಸಾಲು, ಇವೆಲ್ಲವನ್ನೂ ಯಾವ ಕ್ರಮದಲ್ಲಿ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆದರೆ ನನ್ನನ್ನು ಊರಿಗೆ ಕರೆದದ್ದು ಕಥೆ ಹೇಳುವುದಕ್ಕಲ್ಲ. ಬಾಲ್ಯದ ಗೆಳೆಯನ ಮದುವೆಯಲ್ಲಿ ಅವನ ಪಕ್ಕದಲ್ಲಿ ನಿಲ್ಲುವುದಕ್ಕೆ.

ಗೆಳೆಯ ಮಂಗಳೂರಿನ ಕೊಂಕಣಿ ಕ್ರೈಸ್ತ. ಕನ್ನಡ ಶಾಲೆಯ ಉಪಾಧ್ಯಾಯ. ನಾನು ತುಳು ಮನೆಮಾತಿನ ಹಿಂದೂ. ನಮ್ಮ ಎರಡು ಮನೆಗಳ ನಡುವೆ ಒಂದು ಗದ್ದೆಯ ಅಂತರ. ಅವನ ಜನರಲ್ಲಿ ಮದುಮಗನ ಜೊತೆಗಾರನನ್ನು ‘ಧೆಡೊ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬೆಸ್ಟ್ ಮ್ಯಾನ್ ಎಂದು ಕರೆಯುವುದು ಇವನನ್ನೇ. ಕೊಡವರ ಮದುವೆಯಲ್ಲಿ ಬೊಜಕಾರನದೂ ಇದನ್ನು ಹೋಲುವ ಸ್ಥಾನ. “ಇಬ್ಬರು ತಂಗಿಯರ ಮದುವೆ ಮುಗಿಯಿತು. ಇನ್ನು ನನ್ನದು. ನೀನು ಬಂದರೆ ನೀನೇ ಧೆಡೊ, ಬಾರದಿದ್ದರೆ ಬೇರೊಬ್ಬನನ್ನು ಹುಡುಕುವ ಮನಸ್ಸು ನನಗಿಲ್ಲ” ಎಂದು ಅವನು ಬರೆದ ಕಾಗದ ರಾಟರ್‌ಡ್ಯಾಮಿನಲ್ಲಿ ನನ್ನ ಕೈ ಸೇರಿತ್ತು. ಆಗಮನಕಾಲ ಮತ್ತು ತಪಸ್ಸಿನ ಕಾಲಗಳಲ್ಲಿ ಅವರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಎರಡರ ನಡುವೆ ಬರುವ ಜನವರಿ ಮದುವೆಯ ತಿಂಗಳು.

ಈ ಕರೆಯನ್ನು ತಳ್ಳಿಹಾಕಲು ನನಗೆ ಸಾಧ್ಯವಿರಲಿಲ್ಲ. ಅದಕ್ಕೆ ಸ್ನೇಹವೊಂದೇ ಕಾರಣವಲ್ಲ. 1986ರಲ್ಲಿ ನನ್ನ ತಾಯಿ ತೀರಿಕೊಂಡಾಗ ನಮ್ಮ ಹಡಗು ಯೊಕೊಹಾಮಾದಿಂದ ವಾಲ್ಪರೈಸೊದತ್ತ ಪೆಸಿಫಿಕ್ ಸಾಗರದ ಮಧ್ಯದಲ್ಲಿತ್ತು. ರೇಡಿಯೋ ಅಧಿಕಾರಿ ಒಂದು ಚೀಟಿಯನ್ನು ತಂದು ಕೈಗಿತ್ತು ತಲೆ ತಗ್ಗಿಸಿ ನಿಂತ. ನೆಲ ಕಾಣಲು ಇನ್ನೂ ಹದಿನೇಳು ದಿನಗಳಿದ್ದವು. ಚಿಕ್ಕಪ್ಪನ ಮಗ ಚಿತೆಗೆ ಬೆಂಕಿಯಿಟ್ಟನು. ಗೆಳೆಯ ಚಟ್ಟಕ್ಕೆ ಹೆಗಲು ಕೊಟ್ಟು, ಬೆಂಕಿ ಆರುವವರೆಗೂ ಅಲ್ಲಿಯೇ ನಿಂತಿದ್ದನಂತೆ. ಅನಂತರವಾದರೂ ನಾನು ಬರಬಹುದಾಗಿತ್ತು. ತಾಯಿಯಿಲ್ಲದ ಮನೆಯ ಬಾಗಿಲು ತೆರೆಯುವ ಧೈರ್ಯ ಸಾಲದೆ, ರಜೆಯನ್ನು ಮುಂದಕ್ಕೆ ಹಾಕಿ ಇನ್ನೊಂದು ಹಡಗನ್ನು ಹತ್ತಿದೆ. ಅದನ್ನು ಕರ್ತವ್ಯವೆಂದು ಇತರರಿಗೆ ಹೇಳುತ್ತಿದ್ದೆ; ಹೇಡಿತನವೆಂದು ನನಗೆ ಗೊತ್ತಿತ್ತು.

ಕೊಂಕಣ ರೈಲು ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಮುಂಬಯಿಯಿಂದ ಮಂಗಳೂರಿಗೆ ಬರುವವರಲ್ಲಿ ಅನೇಕರಿಗೆ ಬಸ್ಸೇ ಗತಿ. ಸುಮಾರು 900 ಕಿಲೋಮೀಟರಿನ ಆ ದಾರಿಯಲ್ಲಿ ಒಂದು ಹಗಲು ಒಂದು ರಾತ್ರಿ ಮೈ ಕುಲುಕಿಸಿಕೊಂಡು ಕುಳಿತೆ. ಕಾರವಾರದಿಂದ ಮುಂದೆ ನದಿಗಳನ್ನು ಎಣಿಸುವುದು ನನ್ನ ಹಳೆಯ ಅಭ್ಯಾಸ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರ ದಾಟಿದ ಮೇಲೆ ಸೀತೆ, ಸುವರ್ಣೆ, ಮೂಲ್ಕಿಯ ಬಳಿ ಶಾಂಭವಿ. ಪ್ರತಿಯೊಂದು ಸೇತುವೆಯ ಮೇಲೂ ಗೆಳೆಯನಿಗೆ ಹೇಳಬೇಕಾದ ಮಾತುಗಳನ್ನು ತಿದ್ದಿ ತಿದ್ದಿ ಒಪ್ಪಗೊಳಿಸಿದೆ. ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟುವ ಹೊತ್ತಿಗೆ ಒಳ್ಳೆಯ ಭಾಷಣವೊಂದು ಸಿದ್ಧವಾಗಿತ್ತು. ಅದನ್ನು ಹೇಳುವ ಸಂದರ್ಭ ಮಾತ್ರ ಬರಲಿಲ್ಲ.

ನಾನು ಅಂಗಳಕ್ಕೆ ಕಾಲಿಟ್ಟಾಗ ‘ರೋಸ್’ ಶಾಸ್ತ್ರಕ್ಕೆ ಸಿದ್ಧತೆ ನಡೆದಿತ್ತು. ಮದುವೆಯ ಹಿಂದಿನ ಸಂಜೆ ವಧುವಿಗೂ ವರನಿಗೂ ಅವರವರ ಮನೆಗಳಲ್ಲಿ ತೆಂಗಿನ ಹಾಲು ಹಚ್ಚಿ, ತಲೆಗೆ ಎಣ್ಣೆಯೆರೆದು, ಬ್ರಹ್ಮಚರ್ಯಕ್ಕೆ ವಿದಾಯ ಹೇಳಿಸುವ ಕ್ರಮ ಇದು. ನಮ್ಮ ಎಣ್ಣೆಶಾಸ್ತ್ರ, ಅರಿಶಿನಶಾಸ್ತ್ರಗಳ ಹತ್ತಿರದ ನಂಟ ಎನ್ನಬಹುದು. ಮದುವೆಯ ಯಜಮಾನನೆಂದು ಆರಿಸಲ್ಪಟ್ಟ ಹಿರಿಯರೊಬ್ಬರು ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ ಆರಂಭಿಸಿದರು. ಹೆಂಗಸರು ವೊವಿಯೊ ಎಂಬ ಸೋಬಾನೆಯ ಪದಗಳನ್ನು ಹಾಡಿದರು. ವರನ ಪಕ್ಕದ ಆಸನದಲ್ಲಿ ನನ್ನನ್ನು ಕೂರಿಸಿದರು. ತಡವಾಗಿ ಬಂದುದಕ್ಕೆ ನಾನು ಕ್ಷಮೆ ಕೇಳಿದಾಗ ಆ ಹಿರಿಯರು ನಕ್ಕರು. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದ ತಮ್ಮ ಪೂರ್ವಿಕರಲ್ಲಿ ಬದುಕಿ ಉಳಿದವರು ಬಿಡುಗಡೆ ಪಡೆದದ್ದು 1799ರಲ್ಲಿ ಎಂಬುದನ್ನು ನೆನಪಿಸಿ, “ನಮ್ಮವರಿಗೆ ಹದಿನೈದು ವರ್ಷ ಹಿಡಿಯಿತು. ನಿನಗೆ ಏಳು. ನೀನು ಬೇಗನೆ ಬಂದೆ” ಎಂದು ಹೇಳಿ ಒಂದು ಹಿಡಿ ತೆಂಗಿನ ಹಾಲನ್ನು ನನ್ನ ತಲೆಗೂ ಹಚ್ಚಿದರು. ನನ್ನ ಪ್ರವಾಸಗಳ ಬಗ್ಗೆ ಅಂದು ಯಾರೂ ಏನನ್ನೂ ಕೇಳಲಿಲ್ಲ. ಊಟಕ್ಕೆ ಎಲೆ ಸಾಲದಿರುವುದೇ ಅಲ್ಲಿನ ದೊಡ್ಡ ಚಿಂತೆಯಾಗಿತ್ತು.

ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕುಳಿತೆವು. ನಾನು ಭಾಷಣಕ್ಕೆ ಬಾಯಿ ತೆರೆಯುವ ಮೊದಲೇ ಅವನು ತಾಯಿಯ ವಿಷಯ ಎತ್ತಿದ. ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅವನು ನಮ್ಮ ಮನೆಗೆ ಹೋಗಿ, ನನ್ನ ಕಾಗದಗಳನ್ನು ಓದಿ ಹೇಳಿ, ತಾಯಿ ಹೇಳಿದಂತೆ ಉತ್ತರ ಬರೆಯುತ್ತಿದ್ದ. ಇಷ್ಟು ನನಗೆ ತಿಳಿದಿತ್ತು. ತಿಳಿಯದಿದ್ದುದು ಬೇರೊಂದು. ಕಾಗದ ಓದಿ ಮುಗಿದೊಡನೆ ತಾಯಿ ಕೇಳುತ್ತಿದ್ದುದು ಒಂದೇ ಪ್ರಶ್ನೆಯಂತೆ: “ಅಲ್ಲಿ ಈಗ ಹಗಲೋ ರಾತ್ರಿಯೋ?” ಉತ್ತರಿಸಲಾಗದೆ ಇವನು ಶಾಲೆಯ ಭೂಗೋಲವನ್ನು ಚೀಲದಲ್ಲಿಟ್ಟು ತಂದು, ಹದಿನೈದು ರೇಖಾಂಶಕ್ಕೆ ಒಂದು ಗಂಟೆಯಂತೆ ಲೆಕ್ಕ ಹಾಕಿ ತೋರಿಸುತ್ತಿದ್ದ. ಕಡೆಯ ಸಂಜೆ, ಏಳು ಗಂಟೆಯ ಸುಮಾರಿಗೆ, ಮಾತು ನಿಲ್ಲುವ ಮುನ್ನವೂ ಅದನ್ನೇ ಕೇಳಿದರಂತೆ. “ರಾತ್ರಿ, ನಿದ್ದೆ ಮಾಡುತ್ತಿದ್ದಾನೆ ಎಂದು ಹೇಳಿದೆ. ಸಮಾಧಾನವಾದಂತೆ ಕಂಡಿತು” ಎಂದು ಗೆಳೆಯ ಹೇಳಿದ.

ನಾನು ಮನಸ್ಸಿನಲ್ಲಿ ಲೆಕ್ಕ ಮಾಡಿದೆ. ನಮ್ಮ ಸಂಜೆಯ ಏಳು ಗಂಟೆಗೆ ಆ ದಿನ ನಮ್ಮ ಹಡಗಿನಲ್ಲಿ ಬೆಳಗಿನ ಜಾವ ಮೂರು ಗಂಟೆ. ಹಡಗಿನಲ್ಲಿ ನಾಲ್ಕು ಗಂಟೆಗಳ ಪಾಳಿ, ಎಂಟು ಗಂಟೆಗಳ ವಿಶ್ರಾಂತಿ. ನನ್ನದು ಹನ್ನೆರಡರಿಂದ ನಾಲ್ಕರ ಪಾಳಿ. ಪಾಳಿಯ ಕೊನೆಯಲ್ಲಿ ಎಣ್ಣೆಯ ಒತ್ತಡ, ನೀರಿನ ಉಷ್ಣತೆ, ಎಂಜಿನಿನ ಸುತ್ತುಗಳನ್ನು ದಿನಚರಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಜಾವದಲ್ಲಿಯೂ ಎಲ್ಲವೂ ಸರಿಯಾಗಿದೆ ಎಂದು ಬರೆದು ಸಹಿ ಹಾಕಿದ್ದೆ. ನಾನು ನಿದ್ದೆ ಮಾಡುತ್ತಿರಲಿಲ್ಲ. ಆದರೆ ರಾತ್ರಿಯೆಂಬುದು ನಿಜವಾಗಿತ್ತು. ಅಷ್ಟನ್ನು ಅವನ ಭೂಗೋಲ ಸರಿಯಾಗಿಯೇ ಹೇಳಿತ್ತು. ಉಳಿದುದನ್ನು ನಾನು ತಿದ್ದಲಿಲ್ಲ. ಕ್ಷಮೆಯ ಭಾಷಣವೂ ಗಂಟಲಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಇಗರ್ಜಿಯಲ್ಲಿ ಪಾದ್ರಿಗಳನ್ನು ಕಂಡು, ಅನ್ಯಧರ್ಮದ ನಾನು ಸಾಕ್ಷಿಯಾಗಿ ನಿಲ್ಲಬಹುದೇ ಎಂದು ಮತ್ತೊಮ್ಮೆ ಕೇಳಿದೆ. “ಸಾಕ್ಷಿಗೆ ಬೇಕಾದ್ದು ಕಣ್ಣು, ಕಿವಿ, ಬುದ್ಧಿ. ಮೂರೂ ಇವೆಯಷ್ಟೆ?” ಎಂದರು. ಮಾತು ಹಾಸ್ಯದ್ದಾದರೂ ಅದರ ಹಿಂದೆ ಒಂದು ಇತಿಹಾಸವಿದೆ. ಮಧ್ಯಯುಗದ ಯೂರೋಪಿನಲ್ಲಿ ಗಂಡುಹೆಣ್ಣು ಗುಟ್ಟಾಗಿ ಪರಸ್ಪರ ಮಾತು ಕೊಟ್ಟರೂ ಮದುವೆಯಾದಂತೆಯೇ ಎಣಿಕೆಯಾಗುತ್ತಿತ್ತು. ಆಮೇಲೆ ಒಬ್ಬರು ಇಲ್ಲವೆಂದುಬಿಟ್ಟರೆ ಇನ್ನೊಬ್ಬರ ಬಾಳು ಹಾಳು. ಈ ಅನ್ಯಾಯವನ್ನು ತಡೆಯಲು ಟ್ರೆಂಟ್ ನಗರದ ಧರ್ಮಸಭೆಯು 1563ರಲ್ಲಿ, ಪಾದ್ರಿ ಮತ್ತು ಎರಡು ಮೂರು ಸಾಕ್ಷಿಗಳ ಎದುರಿನಲ್ಲಿ ನಡೆಯದ ವಿವಾಹ ಸಿಂಧುವಲ್ಲವೆಂದು ವಿಧಿಸಿತು. 1983ರ ಧರ್ಮಸಂಹಿತೆಯೂ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ನಮ್ಮ ಮದುವೆಗಳಲ್ಲಿ ಅಗ್ನಿಯೇ ಸಾಕ್ಷಿ. ದೇವತೆಯಾದುದರಿಂದ ಅವನು ಎಲ್ಲೆಡೆಯೂ ಇರಬಲ್ಲನು. ಮನುಷ್ಯನಾದ ಸಾಕ್ಷಿ ಹಾಗಲ್ಲ. ಅವನು ಆ ಹೊತ್ತಿಗೆ ಆ ಜಾಗಕ್ಕೆ ಬಂದಿರಬೇಕು.

ಬಲಿಪೀಠದ ಮುಂದೆ ನನ್ನ ಕೆಲಸ ಬಹಳ ಕಡಿಮೆ. ಉಂಗುರಗಳನ್ನು ಜೋಪಾನವಾಗಿಟ್ಟು ಕೇಳಿದಾಗ ಕೊಡುವುದು; ಉಳಿದಂತೆ ನಿಲ್ಲುವುದು. ಪ್ರಾರ್ಥನೆಗಳು ನನಗೆ ಬಾರವು. ಪ್ರಸಾದದ ರೊಟ್ಟಿ ನನಗೆ ಸಲ್ಲದು. ಎಲ್ಲರೂ ಮೊಣಕಾಲೂರಿದಾಗ ನಾನು ತಲೆಬಾಗಿ ನಿಂತೆ. ಆಗ ಹಠಾತ್ತನೆ ಹೊಳೆಯಿತು: ಎರಡು ವರ್ಷಗಳ ಹಿಂದೆ ನನ್ನ ತಾಯಿಯ ಚಿತೆಯ ಬಳಿ ಇವನೂ ಹೀಗೆಯೇ ನಿಂತಿದ್ದಿರಬೇಕು. ಅಲ್ಲಿನ ಮಂತ್ರ ಅವನದಲ್ಲ. ಬೆಂಕಿಯಿಡುವ ಅಧಿಕಾರ ಅವನಿಗಿರಲಿಲ್ಲ. ಮಾಡಬಹುದಾದ ಕೆಲಸವೊಂದೂ ಉಳಿದಿರಲಿಲ್ಲ. ಆದರೂ ಅವನು ಹೊರಟುಹೋಗಲಿಲ್ಲ. ಅವನ ಋಣವನ್ನು ತೀರಿಸಲು ಬಂದೆನೆಂದು ದಾರಿಯುದ್ದಕ್ಕೂ ನಾನು ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ಅಲ್ಲಿ ನಿಂತಾಗ ತಿಳಿಯಿತು. ಅವನು ಮಾಡಿದ್ದು ಸಾಲ ಕೊಟ್ಟ ಹಾಗಿರಲಿಲ್ಲ; ನಾನು ತೀರಿಸುವುದೂ ಏನೂ ಇರಲಿಲ್ಲ. ಅವನು ಅಲ್ಲಿ ಇದ್ದ. ನಾನು ಈಗ ಇಲ್ಲಿ ಇದ್ದೇನೆ, ಅಷ್ಟೆ.

ಪೂಜೆ ಮುಗಿದ ಮೇಲೆ ದೊಡ್ಡದೊಂದು ದಾಖಲೆ ಪುಸ್ತಕವನ್ನು ತೆರೆದರು. ವರ, ವಧು ಸಹಿ ಹಾಕಿದ ಬಳಿಕ ಲೇಖನಿ ನನ್ನ ಕೈಗೆ ಬಂತು. ಏಳು ವರ್ಷಗಳಲ್ಲಿ ಸಾವಿರಾರು ಪಾಳಿಗಳಿಗೆ ಸಹಿ ಹಾಕಿದ ಕೈ ಅದು. ಆದರೂ ಅಕ್ಷರ ನಡುಗಿತು. ಗೆಳೆಯ ನೋಡಿದ, ಏನೂ ಅನ್ನಲಿಲ್ಲ. ಮಧ್ಯಾಹ್ನದ ಔತಣ ಮುಗಿದ ಮೇಲೆ ನಾನೊಬ್ಬನೇ ಗದ್ದೆಯನ್ನು ದಾಟಿ ನಮ್ಮ ಮನೆಗೆ ಹೋಗಿ ಬೀಗ ತೆಗೆದೆ. ಒಳಗೆ ಧೂಳು ಅಷ್ಟೇನೂ ಇರಲಿಲ್ಲ. ಯಾರೋ ಆಗಾಗ ಬಂದು ಗುಡಿಸುತ್ತಿದ್ದರೆಂಬುದು ಸ್ಪಷ್ಟವಾಗಿತ್ತು. ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ವರ್ಷ ಅವನ ಮಗಳು ಉದ್ಯೋಗಕ್ಕಾಗಿ ಕೆನಡಾ ದೇಶಕ್ಕೆ ಹೊರಟಳು. ಯಾವುದೋ ಕಾಗದಪತ್ರಕ್ಕೆ ತಂದೆತಾಯಿಯರ ವಿವಾಹದ ದಾಖಲೆಯ ಪ್ರತಿ ಬೇಕಾಗಿ, ನಾವು ಮುದುಕರಿಬ್ಬರೂ ಇಗರ್ಜಿಯ ಕಚೇರಿಗೆ ಹೋದೆವು. ಗುಮಾಸ್ತ ಹಳೆಯ ಪುಸ್ತಕವನ್ನು ತೆಗೆದು ಪುಟ ತೋರಿಸಿದ. ನನ್ನ ನಡುಗಿದ ಸಹಿ ಹಾಗೆಯೇ ಇತ್ತು. “ಅಂದು ಲೇಖನಿ ಸರಿಯಿರಲಿಲ್ಲ” ಎಂದೆ. “ಹೌದು, ಸರಿಯಿರಲಿಲ್ಲ” ಎಂದು ಅವನೂ ಒಪ್ಪಿದ.

ಈಗ ಭಾನುವಾರಗಳಂದು ಪೂಜೆ ಮುಗಿಸಿ ಅವನು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾನೆ. ಚಹಾ ಕುಡಿದಾದ ಮೇಲೆ, “ಅಲ್ಲಿ ಈಗ ಹಗಲೋ ರಾತ್ರಿಯೋ?” ಎಂದು ಕೇಳುತ್ತಾನೆ. ಅವನ ಜೇಬಿನಲ್ಲಿರುವ ದೂರವಾಣಿ ಕೆನಡಾದ ಗಂಟೆಯನ್ನು ನಿಮಿಷ ತಪ್ಪದೆ ತೋರಿಸುತ್ತದೆ. ಅದು ಇಬ್ಬರಿಗೂ ಗೊತ್ತು. ನಾನು ಬೆರಳು ಮಡಿಸಿ ರೇಖಾಂಶಗಳನ್ನು ಎಣಿಸಿ, ರಾತ್ರಿಯೆಂದು ಹೇಳುತ್ತೇನೆ.