ಸೌಧದ ಪರದೆಯೂ ನೊರೆಗಿಡದ ಬೇರೂ

ಕೌಶೇಯವನ್ನು ನಮ್ಮ ಹಿರಿಯರು ಮಡಿಗೆ ಮೀಸಲಾಗಿಸಿ ಪೆಟ್ಟಿಗೆಯಲ್ಲಿ ಮಡಿಸಿಟ್ಟರು. ಆಂಗ್ಲದೇಶದ ಸಿರಿವಂತರಾದರೋ ಅದನ್ನು ಗೋಡೆಗೂ ಮಂಚಕ್ಕೂ ಕಿಟಕಿಗೂ ಉಡಿಸಿದರು. ನಾರ್ಫಕ್ ಪ್ರಾಂತದ ಹೌಟನ್ ಸೌಧದಲ್ಲಿ ಮಂತ್ರಿ ರಾಬರ್ಟ್ ವಾಲ್‌ಪೋಲನ ಹಸಿರು ಮಖಮಲ್ಲಿನ ಮಂಚವೊಂದಿದೆ. ಅದಕ್ಕೆ ಹಚ್ಚಿದ ಚಿನ್ನದ ಅಂಚುಪಟ್ಟಿಗಳಿಗೇ 1732ರಲ್ಲಿ 1,200 ಪೌಂಡುಗಳಿಗೆ ಮೀರಿ ವೆಚ್ಚವಾಯಿತೆಂದ ಮೇಲೆ ಉಳಿದುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆದರೆ ರೇಷ್ಮೆಗೆ ಬೆಳಕೇ ವೈರಿ. ಬಿಸಿಲು ತಾಗಿದಷ್ಟೂ ಬಣ್ಣ ಮಾಸುವುದಲ್ಲದೆ ಎಳೆಯೇ ಒಳಗಿಂದೊಳಗೆ ಸತ್ತ್ವಗುಂದಿ, ಕಡೆಗೆ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಒಮ್ಮೆ ಆದ ಹಾನಿ ಹಿಂದಿರುಗದು. ಆದುದರಿಂದಲೇ ಇಂದಿನ ಸಂರಕ್ಷಕರು ಇಂಥ ವಸ್ತ್ರಗಳ ಮೇಲೆ ಬೀಳುವ ಬೆಳಕನ್ನು 50 ಲಕ್ಸ್‌ನಷ್ಟಕ್ಕೆ, ಎಂದರೆ ಮಬ್ಬುಗತ್ತಲೆಯೆನ್ನಬಹುದಾದಷ್ಟಕ್ಕೆ, ಮಿತಗೊಳಿಸುತ್ತಾರೆ. ಕಿಟಕಿಯ ಪರದೆಗಾದರೋ ಬಿಸಿಲಿಗೆ ಎದೆಯೊಡ್ಡುವುದೇ ಕೆಲಸ!

ಸಸೆಕ್ಸ್ ಪ್ರಾಂತದ ಗುಡ್ಡಗಳ ಮೇಲಿರುವ ಅಪ್‌ಪಾರ್ಕ್ ಸೌಧದಲ್ಲಿ ಹದಿನೆಂಟನೆಯ ಶತಮಾನದ ರೇಷ್ಮೆ ಪರದೆಗಳು ಇಪ್ಪತ್ತನೆಯ ಶತಮಾನದವರೆಗೂ ತೂಗುತ್ತಿದ್ದವು. ಆ ಮನೆಯ ಸರ್ ಹ್ಯಾರಿ ಎಂಬಾತನು ಎಪ್ಪತ್ತು ದಾಟಿದ ಮೇಲೆ, 1825ರಲ್ಲಿ, ತನ್ನ ಹೈನುಮನೆಯ ಕೆಲಸದ ಹುಡುಗಿಯನ್ನು ಮದುವೆಯಾದನು. ಆಕೆಯೂ, ಆಕೆಯ ತರುವಾಯ 1895ರವರೆಗೆ ಬಾಳಿದ ಆಕೆಯ ತಂಗಿಯೂ ಮನೆಯನ್ನು ಇದ್ದಂತೆಯೇ ಇರಿಸಿಕೊಂಡರು. ಹುಟ್ಟು ಸಿರಿವಂತರಾಗಿದ್ದರೆ ಹಳೆಯದನ್ನು ಕಿತ್ತೊಗೆಯುತ್ತಿದ್ದರೋ ಏನೋ!

1930ರ ದಶಕದಲ್ಲಿ ಮನೆಯೊಡತಿಯಾಗಿ ಬಂದ ಮಾರ್ಗರೆಟ್ ಮೀಡ್-ಫೆದರ್‌ಸ್ಟನ್‌ಹಾ ಎಂಬವರ ಪಾಲಿಗೆ ಬಂದುದು ಚಿಂದಿಯಾದ ಪರದೆ. ಹೊಸದನ್ನು ತರಿಸದೆ ಅವರು ಸಪೊನೇರಿಯ ಎಂಬ ಗಿಡದ ಕಷಾಯದಲ್ಲಿ ಅದನ್ನು ತೊಳೆದರು. ಸಡಿಲಿದ ಎಳೆಗಳನ್ನು ಹೊಸ ಆಧಾರವಸ್ತ್ರದ ಮೇಲೆ ಹರಡಿ, ನವುರಾದ ನೂಲಿನಿಂದ ಒಂದೊಂದಾಗಿ ಹೊಲಿದು ನಿಲ್ಲಿಸಿದರು. ವರ್ಷಗಟ್ಟಲೆಯ ಕೆಲಸವದು. ಈ ಗಿಡದಲ್ಲಿ ನೊರೆ ಬರಿಸುವ ದ್ರವ್ಯವು ನಮ್ಮ ಅಂಟುವಾಳದಲ್ಲಿರುವ ಜಾತಿಯದೇ. ಸಂಸ್ಕೃತದಲ್ಲಿ ಅಂಟುವಾಳಕ್ಕೆ ಫೇನಿಲವೆಂದು, ಎಂದರೆ ನೊರೆಯುಳ್ಳದ್ದೆಂದು, ಹೆಸರಿರುವುದು ಇದರಿಂದಲೇ. ಕ್ಷಾರದ ಸಾಬೂನು ರೇಷ್ಮೆಯನ್ನು ಕೆಡಿಸುವುದೆಂದು ನಮ್ಮ ಅಜ್ಜಿಯರು ಪಟ್ಟೆಸೀರೆಯನ್ನು ಅಂಟುವಾಳದಲ್ಲಿ ಒಗೆದು ನೆರಳಿನಲ್ಲಿ ಒಣಹಾಕುತ್ತಿದ್ದರಷ್ಟೆ. ಸಸೆಕ್ಸಿನ ಗೃಹಿಣಿಯೂ ಅದೇ ಹಾದಿ ಹಿಡಿದುದನ್ನು ಓದಿ ನಮಗೆ ಸಂತೋಷವಾಯಿತು.

1954ರಲ್ಲಿ ಸೌಧವು ನ್ಯಾಷನಲ್ ಟ್ರಸ್ಟಿನ ವಶವಾಯಿತು. 1989ರ ಆಗಸ್ಟ್ 30ರಂದು ಛಾವಣಿಯ ಸೀಸದ ತಗಡನ್ನು ದುರಸ್ತಿ ಮಾಡುತ್ತಿದ್ದಾಗ ಬೆಂಕಿ ಹತ್ತಿ ಮೇಲಂತಸ್ತು ಕುಸಿಯಿತು. ಮನೆಯವರೂ ನೌಕರರೂ ಅಗ್ನಿಶಾಮಕರೂ ಸಾಲಾಗಿ ನಿಂತು, ಕೆಳ ಅಂತಸ್ತಿನ ಸಾಮಾನುಗಳಲ್ಲಿ ಬಹುಪಾಲನ್ನು ಕೈಯಿಂದ ಕೈಗೆ ದಾಟಿಸಿ ಹುಲ್ಲಿನ ಮೇಲಿರಿಸಿದರು. ಮಸಿಹಿಡಿದು ತೊಯ್ದ ನೇಯ್ಗೆಯ ವಸ್ತುಗಳೂ ಅದರಲ್ಲಿದ್ದವು. ಅವುಗಳಿಗೆ ಮತ್ತೊಮ್ಮೆ ಸೂಜಿ ಹಿಡಿಯಬೇಕಾಯಿತು. ಗೋಡೆ ಛಾವಣಿಗಳನ್ನು ಮರಳಿ ಕಟ್ಟಿ 1995ರಲ್ಲಿ ಬಾಗಿಲು ತೆರೆದಾಗ ಹಳೆಯ ಸಾಮಾನುಗಳು ತಮ್ಮ ತಮ್ಮ ಕೋಣೆಗಳಿಗೆ ಹಿಂದಿರುಗಿದವು.