ಕೊಂಡಿ ಗಟ್ಟಿಯಿದ್ದರೆ ಸಾಲದು, ತಿರುಗಲೂಬೇಕು

ಆಸ್ಟ್ರೇಲಿಯಾದ ಈಶಾನ್ಯ ತುದಿಯಲ್ಲಿರುವ ಕೇಪ್ ಯಾರ್ಕ್‌ನಲ್ಲಿ ಓಲ್ಡ್ ಟೆಲಿಗ್ರಾಫ್ ಟ್ರ್ಯಾಕ್ ಎಂಬ ಕಾಡುದಾರಿಯಿದೆ. ಹಳೆಯ ತಂತಿ ಕಂಬಗಳ ಸಾಲು ಹಿಡಿದು ಸಾಗುವ ಹಾದಿ ಅದು. ಬ್ರ್ಯಾಮ್‌ವೆಲ್ ಜಂಕ್ಷನ್‌ನಿಂದ ಉತ್ತರಕ್ಕೆ ಹೊರಟರೆ ಮೊದಲು ಪಾಮ್ ಕ್ರೀಕ್, ಇನ್ನೂ ಮುಂದೆ ಗನ್‌ಶಾಟ್ ಕ್ರೀಕ್. ಗನ್‌ಶಾಟ್‌ನ ದಂಡೆಯಿಂದ ನೀರಿಗಿಳಿಯುವ ಕೆಲವು ಜಾಗಗಳು ಗೋಡೆಯಷ್ಟು ಕಡಿದಾಗಿವೆ. ಜೀಪಿನ ಮೂತಿ ತೊರೆಯೊಳಗೆ ಇಳಿದಿರುತ್ತದೆ, ಹಿಂದೆ ಬರುವ ಟ್ರೇಲರ್ ಇನ್ನೂ ದಂಡೆಯ ಮೇಲೆ ಸಮತಟ್ಟಾಗಿ ನಿಂತಿರುತ್ತದೆ. ಅಡುಗೆ ಒಲೆ, ನೀರಿನ ಟ್ಯಾಂಕು, ಬಿಚ್ಚಿ ಹರಡುವ ಡೇರೆ ಎಲ್ಲ ತುಂಬಿಕೊಂಡ ಆ ಕ್ಯಾಂಪರ್ ಟ್ರೇಲರಿನ ಭಾರವನ್ನು ಜೀಪಿಗೆ ತಗುಲಿಸಿರುವುದು ಅಂಗೈಯಗಲದ ಒಂದು ಉಕ್ಕಿನ ಕೀಲು. ಅದಕ್ಕೆ ಹಿಚ್ ಅನ್ನುತ್ತಾರೆ, ಕಪ್ಲಿಂಗ್ ಅಂತಲೂ ಅನ್ನುತ್ತಾರೆ.

ಹಿಚ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಟನ್ ಎಳೆಯುತ್ತದೆ?’ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ದಾರಿ ಬಿಟ್ಟ ದಾರಿಯಲ್ಲಿ ಹಿಚ್ಚನ್ನು ಮುರಿಯುವುದು ಬಹುಮಟ್ಟಿಗೆ ನೇರ ಎಳೆತವಲ್ಲ. ತಿರುಗಲು ಜಾಗ ಸಾಲದೆ ಬೀಳುವ ತಿರುಚು, ಸಡಿಲದಿಂದ ಬೀಳುವ ಏಟು, ಇವೆರಡೇ ಅದರ ಶತ್ರುಗಳು.

ಜೀಪು ಮತ್ತು ಟ್ರೇಲರ್ ನಡುವೆ ಮೂರು ಬಗೆಯ ತಿರುಗು ಇರುತ್ತದೆ. ರಸ್ತೆ ಎಡಕ್ಕೋ ಬಲಕ್ಕೋ ಹೊರಳಿದಾಗಿನದು ಒಂದು. ಏರು-ಇಳಿತ ಸಿಕ್ಕಾಗ ಮೂತಿ ಮೇಲೆ ಕೆಳಗೆ ಆಗುವುದು ಎರಡನೆಯದು. ಒಂದು ಪಕ್ಕದ ಚಕ್ರ ಗುಂಡಿಗಿಳಿದು ಗಾಡಿ ವಾಲಿದಾಗಿನ ಉರುಳು ಮೂರನೆಯದು. ಒಳ್ಳೆಯ ಹಿಚ್ ಮುಂದಕ್ಕೆ ಎಳೆಯುವ ಬಲವನ್ನು ಒಂದಿಷ್ಟೂ ಬಿಡದೆ ದಾಟಿಸಬೇಕು, ಈ ಮೂರು ತಿರುಗುಗಳಿಗೆ ಒಂದಿಷ್ಟೂ ಅಡ್ಡಿ ಮಾಡಬಾರದು.

ಆಸ್ಟ್ರೇಲಿಯಾದಲ್ಲಿ ಎಲ್ಲರ ಬಳಿಯೂ ಇರುವುದು 50 ಮಿಲಿಮೀಟರ್ ವ್ಯಾಸದ ಬಾಲ್. ಜೀಪಿನ ಹಿಂದೆ ಉಕ್ಕಿನ ಗುಂಡು, ಅದರ ಮೇಲೆ ಟೋಪಿಯಂತೆ ಕೂರುವ ಟ್ರೇಲರಿನ ಬಟ್ಟಲು. ಗುಂಡಾಗಿರುವುದರಿಂದ ಎಲ್ಲ ಕಡೆಗೂ ತಿರುಗಬೇಕಲ್ಲ ಅನ್ನಿಸುತ್ತದೆ. ತಿರುಗುತ್ತದೆ, ಆದರೆ ಗುಂಡಿಗೊಂದು ಕತ್ತಿದೆ, ಬಟ್ಟಲಿಗೊಂದು ಅಂಚಿದೆ. ಸಾಮಾನ್ಯ ಬಾಲ್ ಕಪ್ಲಿಂಗ್ ಪಕ್ಕಕ್ಕೆ ಸುಮಾರು 20–25 ಡಿಗ್ರಿ ಉರುಳುವ ಹೊತ್ತಿಗೆ ಬಟ್ಟಲಿನ ಅಂಚು ಗುಂಡಿನ ಕತ್ತಿಗೆ ತಾಗುತ್ತದೆ. ಡಾಂಬರು ರಸ್ತೆಗೆ ಅಷ್ಟು ಧಾರಾಳ ಸಾಕು. ಕಾಡುದಾರಿಯಲ್ಲಿ ಲೆಕ್ಕ ಹಾಕಿ ನೋಡಿ. ಎಡ-ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಜೀಪಿನ ಎಡಚಕ್ರಗಳು 40 ಸೆಂಟಿಮೀಟರ್ ಆಳದ ಕೊರಕಲಿಗೆ ಇಳಿದರೆ ಅದು ಸುಮಾರು 15 ಡಿಗ್ರಿ ವಾಲುತ್ತದೆ. ಅದೇ ಗಳಿಗೆಯಲ್ಲಿ ಟ್ರೇಲರಿನ ಬಲಚಕ್ರ ಅಷ್ಟೇ ಆಳದ ಇನ್ನೊಂದು ಕೊರಕಲಿಗೆ ಇಳಿದರೆ ಅದು ಎದುರು ದಿಕ್ಕಿಗೆ 15 ಡಿಗ್ರಿ ವಾಲುತ್ತದೆ. ಎರಡೂ ಸೇರಿ 30. ಮೊಣಕಾಲೆತ್ತರವೂ ಇಲ್ಲದ ಎರಡು ಗುಂಡಿಗಳು ಸಾಕು, ಬಾಲಿನ ಮಿತಿ ಮುಗಿಯುತ್ತದೆ.

ಮಿತಿ ಮುಗಿದ ಮೇಲೆ ಆಗುವುದೇನು? 1,500 ಕಿಲೋ ತೂಕದ ಟ್ರೇಲರಿನ ಒಂದು ಚಕ್ರ ಪೂರ್ತಿ ಗಾಳಿಗೆ ಬಂತು ಎಂದುಕೊಳ್ಳಿ. ಚಕ್ರಗಳ ನಡುವಿನ ಅಂತರ 1.6 ಮೀಟರ್ ಆದರೆ ಅದನ್ನು ಉರುಳಿಸಲು ನೋಡುವ ತಿರುಚು ಬಲ ಸುಮಾರು 12,000 ನ್ಯೂಟನ್-ಮೀಟರ್. ಇದರಲ್ಲಿ ಹತ್ತನೇ ಒಂದು ಪಾಲು ಹಿಚ್ಚಿಗೆ ಬಂದರೂ ಸಾಕು. ಬಟ್ಟಲಿನ ಅಂಚು ಬಾಲಿನ ನಡುವಿನಿಂದ ಬರೀ ಮೂರು ಸೆಂಟಿಮೀಟರ್ ದೂರದಲ್ಲಿರುವುದರಿಂದ ಆ ಅಂಚಿನ ಮೇಲೆ 40,000 ನ್ಯೂಟನ್, ಅಂದರೆ ನಾಲ್ಕು ಟನ್ ಭಾರದಷ್ಟು ಒತ್ತಡ ಬೀಳುತ್ತದೆ. ಬಟ್ಟಲಿನ ತುಟಿ ಬಾಯಿಬಿಡುವುದು, ಬಾಲ್ ಕಳಚಿಕೊಳ್ಳುವುದು, ಜೀಪಿಗೆ ಬಿಗಿದ ಟೋ ಬಾರ್ ಸೊಟ್ಟಗಾಗುವುದು, ಎಲ್ಲವೂ ಇಲ್ಲಿಂದಲೇ. ಟ್ರೇಲರ್ ಮಗುಚಿ ಬಿದ್ದರಂತೂ ತಿರುಗದ ಹಿಚ್ ಜೀಪನ್ನೂ ಜೊತೆಗೆ ಮಗುಚಲು ನೋಡುತ್ತದೆ. ಪೂರ್ತಿ 360 ಡಿಗ್ರಿ ಉರುಳಬಲ್ಲ ಹಿಚ್ ಇದ್ದರೆ ಟ್ರೇಲರ್ ತನ್ನಷ್ಟಕ್ಕೆ ಬೀಳುತ್ತದೆ, ಜೀಪು ತನ್ನ ನಾಲ್ಕು ಚಕ್ರಗಳ ಮೇಲೆ ಉಳಿಯುವ ಸಾಧ್ಯತೆ ಹೆಚ್ಚು. ಒಳಗೆ ಮನೆಮಂದಿ ಕೂತಿರುತ್ತಾರೆ ಎಂಬುದನ್ನು ನೆನೆದರೆ, ಇಂಥ ಹಿಚ್ಚಿಗೆ ಕೊಡುವ ಹೆಚ್ಚಿನ ದುಡ್ಡನ್ನು ನಾನು ದುಬಾರಿ ಎನ್ನಲಾರೆ.

ಈಗ ಏಟಿನ ವಿಚಾರ. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ಗಿಬ್ ರಿವರ್ ರೋಡ್ ಇದೆ, ಸುಮಾರು 660 ಕಿಲೋಮೀಟರ್. ಅದರ ಹೆಚ್ಚಿನ ಭಾಗ ಮಣ್ಣು ಮತ್ತು ಜಲ್ಲಿ, ಅದರ ಮೇಲೆ ಅಡ್ಡಡ್ಡ ಏಳುವ ಅಲೆಗಳು. ಇಂಥ ಅಲೆಗಳು ಹೇಗೆ ಏಳುತ್ತವೆ ಎಂಬುದೇ ಸೊಗಸಾದ ಭೌತಶಾಸ್ತ್ರ. 2007ರಲ್ಲಿ ಟ್ಯಾಬರ್ಲೆ, ಮೋರಿಸ್, ಮ್ಯಾಕೆಲ್ವೇನ್ ಎಂಬ ವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ನೋಡಿದರು. ವೇಗ ಒಂದು ಮಟ್ಟ ಮೀರಿದೊಡನೆ ಚಪ್ಪಟೆ ಮರಳು ತಾನಾಗಿಯೇ ಅಲೆಯಾಗುತ್ತದೆ, ಅದಕ್ಕೆ ವಾಹನದ ಸ್ಪ್ರಿಂಗ್ ಕೂಡ ಬೇಕಿಲ್ಲ ಎಂದು ತೋರಿಸಿದರು. ಅಲೆಯಿಂದ ಅಲೆಗೆ 75 ಸೆಂಟಿಮೀಟರ್ ಎಂದಿಟ್ಟುಕೊಂಡು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ 30 ಕುಲುಕು. ಅರ್ಧ ದಾರಿ ಮಾತ್ರ ಹೀಗಿದ್ದರೂ ಒಂದು ಪಯಣಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು. ಉಕ್ಕು ಒಂದೇ ದೊಡ್ಡ ಎಳೆತಕ್ಕೆ ಮಣಿಯದಿದ್ದರೂ ಲಕ್ಷಾಂತರ ಸಣ್ಣ ಏಟುಗಳಿಗೆ ದಣಿದು ಬಿರುಕು ಬಿಡುತ್ತದೆ. ಇದನ್ನು 19ನೇ ಶತಮಾನದ ಮಧ್ಯದಲ್ಲೇ ಜರ್ಮನಿಯ ಔಗುಸ್ಟ್ ವ್ಯೋಲರ್ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ ಕಂಡುಕೊಂಡಿದ್ದ.

ಈ ದಣಿವನ್ನು ಹಲವು ಪಟ್ಟು ಮಾಡುವುದು ಸಡಿಲ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊರಡುವಾಗ, ನಿಲ್ಲುವಾಗ ಟ್ರೇಲರಿನ ಪಿನ್ನು ‘ಟಣ್’ ಎನ್ನುವುದನ್ನು ಕೇಳದವರು ಕಡಿಮೆ. ದೊಡ್ಡ ತೂತಿನಲ್ಲಿ ಸಣ್ಣ ಪಿನ್ನು ಇರುವುದರಿಂದ ಬರುವ ಸದ್ದು ಅದು, ನಿಧಾನಕ್ಕೆ ಸಾಗುವ ಗಾಡಿಗೆ ಅದರಿಂದ ದೊಡ್ಡ ಬಾಧೆಯಿಲ್ಲ. ಸೇನೆಯ ವಾಹನಗಳಲ್ಲಿ ಕಾಣುವ ಪಿಂಟಲ್ ಹಿಚ್, ಅಂದರೆ ಕೊಕ್ಕೆಯೊಳಗೆ ಬಳೆ ಸಿಕ್ಕಿಸುವ ವ್ಯವಸ್ಥೆಯಲ್ಲೂ ಹೀಗೇ ಸಂದು ಇರುತ್ತದೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿ ಕಡಿಮೆ, ಚೆನ್ನಾಗಿ ತಿರುಗುತ್ತದೆ ಕೂಡ. ಆದರೆ ಮೂರು ಟನ್ ಜೀಪು, ಒಂದೂವರೆ ಟನ್ ಟ್ರೇಲರ್, ಎರಡರ ನಡುವೆ ಸೆಕೆಂಡಿಗೆ ಬರೀ 20 ಸೆಂಟಿಮೀಟರ್ ವೇಗದ ವ್ಯತ್ಯಾಸ ಇರುವಾಗ ಆ ಸಂದು ಮುಚ್ಚಿಕೊಂಡರೆ ತಡೆಯಬೇಕಾದ ಶಕ್ತಿ ಸುಮಾರು 20 ಜೂಲ್. ಕೇಳಲು ಅಲ್ಪ. ಉಕ್ಕಿಗೆ ಉಕ್ಕು ಬಡಿದು ಒಂದು ಮಿಲಿಮೀಟರ್‌ನಲ್ಲಿ ನಿಂತರೆ ಸರಾಸರಿ ಬಲ 20,000 ನ್ಯೂಟನ್, ಎರಡು ಟನ್ ಭಾರ. ನಡುವೆ ಐದು ಮಿಲಿಮೀಟರ್ ಬಾಗುವ ಮೆತ್ತನೆಯ ವಸ್ತುವಿದ್ದರೆ ಅದು 4,000 ನ್ಯೂಟನ್‌ಗೆ ಇಳಿಯುತ್ತದೆ.

ದಕ್ಷಿಣ ಆಸ್ಟ್ರೇಲಿಯಾದ ಟ್ರೆಗ್ ಹಿಚ್ ಅಲ್ಲಿನ ಹಳಬರಿಗೆ ಅಚ್ಚುಮೆಚ್ಚಾಗಲು ಕಾರಣ ಇದೇ. ಅದರ ಹೃದಯ ಒಂದು ಪಾಲಿಯುರೆಥೇನ್ ದಿಮ್ಮಿ. ಪಿನ್ನು ಅದರೊಳಗೆ ತೂರಿ ಕೂರುವುದರಿಂದ ಸದ್ದಿಲ್ಲ, ಏಟು ಮೆತ್ತಗೆ. ತೊಂದರೆಯೆಂದರೆ ಟ್ರೇಲರ್ ಜೋಡಿಸುವಾಗ ತೂತಿಗೆ ತೂತು ಸರಿಯಾಗಿ ಎದುರಾಗಬೇಕು. ಓರೆ ನೆಲದಲ್ಲಿ, ಮಬ್ಬುಗತ್ತಲಲ್ಲಿ, ಒಬ್ಬರೇ ಇದ್ದರೆ ಜೀಪನ್ನು ಬೆರಳಗಲ ಹಿಂದೆ ಮುಂದೆ ಮಾಡುತ್ತ ತಾಳ್ಮೆ ಪರೀಕ್ಷೆಯಾಗುತ್ತದೆ. ಕ್ರೂಸ್‌ಮಾಸ್ಟರ್ ಕಂಪನಿಯ ಡಿಒ35 ಈ ಕಷ್ಟವನ್ನು ಬಿಡಿಸಿತು. ಬಾಲ್ ಕೂರುವ ತೂತಿನಲ್ಲೇ ಬಾಲಿನ ಬದಲು ತಲೆಯುಳ್ಳ ಗಿಡ್ಡ ಪಿನ್ನು ಬಿಗಿಯುತ್ತಾರೆ, ಟ್ರೇಲರಿನ ಕಪ್ಲಿಂಗನ್ನು ಅದರ ಮೇಲೆ ಇಳಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ. ಹಿಂದಿನ ಕೀಲುಗಳು ಮೂರೂ ತಿರುಗುಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳುತ್ತವೆ, ಉರುಳು ಪೂರ್ತಿ 360 ಡಿಗ್ರಿ, ಎಳೆಯುವ ಮಿತಿ 3,500 ಕಿಲೋ. ಈಗ ಹೊಸದಾಗಿ ಕೊಳ್ಳುವವರಿಗೆ ನನ್ನ ಓಟು ಈ ಬಗೆಗೇ.

ಹಾಗೆಂದು ಬಾಲನ್ನು ಹಗುರವಾಗಿ ಕಾಣುವಂತಿಲ್ಲ. ಊರಿಂದ ನೂರಾರು ಮೈಲಿ ದೂರದಲ್ಲಿ ನಿಮ್ಮ ಜೀಪು ಕೆಟ್ಟು ನಿಂತರೆ, ದಾರಿಹೋಕರ ಯಾವ ಗಾಡಿಯಾದರೂ ನಿಮ್ಮ ಟ್ರೇಲರನ್ನು ಎಳೆದುಕೊಂಡು ಹೋಗಬಲ್ಲುದು, ನಿಮ್ಮದು 50 ಮಿಲಿಮೀಟರ್ ಬಾಲ್ ಆಗಿದ್ದರೆ. ಬೇರೆ ಹಿಚ್ ಹಾಕಿಸಿದವರು ಅದರ ಪಿನ್ನನ್ನೋ, ಟೋ ಬಾರಿಗೆ ಸಿಕ್ಕಿಸುವ ಉಕ್ಕಿನ ನಾಲಗೆಯನ್ನೋ ಇನ್ನೊಂದು ಜೊತೆ ಇಟ್ಟುಕೊಂಡೇ ಹೊರಡಬೇಕು. ಮುಂದೆ ಅದೇ 50 ಮಿಲಿಮೀಟರ್ ಬಾಲ್, ಹಿಂದೆ ಪ್ರತ್ಯೇಕ ಕೀಲುಗಳಿರುವ ಆಫ್‌ರೋಡ್ ಬಾಲ್ ಕಪ್ಲಿಂಗ್‌ಗಳೂ ಸಿಗುತ್ತವೆ. ಜಲ್ಲಿ ರಸ್ತೆ, ಅಪರೂಪಕ್ಕೊಂದು ತೊರೆ ಎನ್ನುವವರಿಗೆ ಅದು ಒಳ್ಳೆಯ ಆಯ್ಕೆ.

ಇನ್ನು ಟನ್ನಿನ ಲೆಕ್ಕ. ಎಳೆಯುವ ಗಾಡಿಯ ತೂಕವನ್ನು ಟ್ರೇಲರಿನ ತೂಕದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ ಯುರೋಪಿನ ನಿಯಮಗಳು ಹಿಚ್ಚಿನ ಹೊರೆಯ ಅಳತೆಯಾಗಿ ಬಳಸುವ ಡಿ-ಮೌಲ್ಯ ಬರುತ್ತದೆ. ಮೇಲಿನ ಏಟಿನ ಲೆಕ್ಕದಲ್ಲಿ ಅಡಗಿದ್ದದ್ದೂ ಇದೇ ಸೂತ್ರ. ಮೂರು ಟನ್ ಜೀಪಿಗೆ ಒಂದೂವರೆ ಟನ್ ಟ್ರೇಲರ್ ಆದರೆ 9.8 ಕಿಲೋನ್ಯೂಟನ್; ಟ್ರೇಲರ್ ಮೂರು ಟನ್ ಆದರೆ 14.7. ಟ್ರೇಲರಿನ ತೂಕ ಇಮ್ಮಡಿಸಿದರೂ ಹಿಚ್ಚಿನ ಹೊರೆ ಒಂದೂವರೆ ಪಟ್ಟಷ್ಟೇ ಏರುತ್ತದೆ, ಏಕೆಂದರೆ ಆ ಹೊರೆಯನ್ನು ನಿರ್ಧರಿಸುವುದು ಟ್ರೇಲರಿನ ತೂಕವೊಂದೇ ಅಲ್ಲ, ಜೀಪಿನ ತೂಕ ಕೂಡ. 3,500 ಕಿಲೋ ಹಿಚ್ ಹಾಕಿಸಿದ ಮಾತ್ರಕ್ಕೆ ಜೀಪು 3,500 ಕಿಲೋ ಎಳೆಯುವಂತಾಗುವುದಿಲ್ಲ. ಜೀಪು, ಟೋ ಬಾರ್, ನಾಲಗೆ, ಕಪ್ಲಿಂಗ್, ಟ್ರೇಲರಿನ ಮೂತಿಕಂಬ, ಇವುಗಳಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ.

ಹೆದ್ದಾರಿಯಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಓಲಾಡುವುದನ್ನು ಮಾತ್ರ ಚೆನ್ನಾಗಿ ತಿರುಗುವ ಈ ಹಿಚ್ಚುಗಳು ತಪ್ಪಿಸಲಾರವು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಪ್ರಯೋಗಗಳ ಪ್ರಕಾರ ಓಲಾಟವನ್ನು ನಿರ್ಧರಿಸುವುದು ಒಟ್ಟು ತೂಕಕ್ಕಿಂತ ಹೆಚ್ಚಾಗಿ ತೂಕ ಹಂಚಿರುವ ರೀತಿ, ಮೂತಿಯ ಮೇಲಿನ ಭಾರ ಮತ್ತು ಅಚ್ಚಿನ ಜಾಗ. ಆಸ್ಟ್ರೇಲಿಯಾದ ರೂಢಿಯಲ್ಲಿ ಟ್ರೇಲರ್ ತೂಕದ ಸುಮಾರು ಶೇ. 10 ಮೂತಿಯ ಮೇಲಿರಬೇಕು. ಭಾರದ ಸಾಮಾನನ್ನು ಹಿಂದಿನ ತುದಿಗೆ ತುರುಕಬೇಡಿ.

ಹಿಚ್ ಎಂಥದೇ ಇರಲಿ, ಸುರಕ್ಷಾ ಸರಪಳಿ ಬೇಕೇ ಬೇಕು. ಆಸ್ಟ್ರೇಲಿಯಾದ ನಿಯಮದಲ್ಲಿ 2,500 ಕಿಲೋ ತನಕ ಕಡೇಪಕ್ಷ ಒಂದು, ಅದರ ಮೇಲೆ 3,500 ಕಿಲೋ ತನಕ ಎರಡು. 360 ಡಿಗ್ರಿ ಹಿಚ್ ಹಾಕಿಸಿದವರು ಸರಪಳಿ, ವಿದ್ಯುತ್ ತಂತಿಗಳಿಗೂ ತಿರುಗಲು ಬೇಕಾದಷ್ಟು ಉದ್ದ ಬಿಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಮೆಲ್ಬರ್ನ್, ಪರ್ತ್‌ಗಳಲ್ಲಿ ನೆಲೆಸಿ, ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಳನಾಡಿಗೆ ಹೊರಡುವ ಕನ್ನಡಿಗರಲ್ಲಿ ಒಂದು ವಿನಂತಿ. ಟ್ರೇಲರ್ ಬಾಡಿಗೆಯದಾಗಿರಲಿ, ಸ್ವಂತದ್ದಾಗಿರಲಿ, ನೀರು, ಗ್ಯಾಸು, ಸಾಮಾನು ಎಲ್ಲ ತುಂಬಿದ ಮೇಲೆ ತೂಕದ ಕಟ್ಟೆಗೆ ಒಯ್ದು ತೂಗಿಸಿ. ಅಂಗಡಿಯಲ್ಲಿ ಟನ್ನಿನ ಜೊತೆಗೆ ಮೂರು ದಿಕ್ಕಿನ ಡಿಗ್ರಿಗಳನ್ನೂ ಕೇಳಿ, ಬರೆದುಕೊಳ್ಳಿ. ದಾರಿಯಲ್ಲಿ ಪ್ರತಿದಿನ ಹೊರಡುವ ಮುನ್ನ ಹಿಚ್ಚನ್ನು ಬಟ್ಟೆಯಿಂದ ಒರೆಸಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ನಿನ್ನೆ ಇಲ್ಲದ ಸಡಿಲವೋ ಕೂದಲೆಳೆಯ ಬಿರುಕೋ ಕಂಡರೆ ಅಲ್ಲಿಂದ ಮುಂದಕ್ಕೆ ಎಳೆಯಬೇಡಿ.