ಅಯಾನಿಗೆ ಕಿರೀಟ ತೊಡಿಸಿದ ಕಾಯಕಜೀವಿ

ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅಡುಗೆಮನೆಯಲ್ಲಿ ನಿತ್ಯವೂ ಕಾಣುವ ಈ ಸಾಮಾನ್ಯ ಸಂಗತಿಯ ಹಿಂದೆ ಜೀವಸೃಷ್ಟಿಯ ಒಂದು ದೊಡ್ಡ ಒಗಟು ಅಡಗಿದೆ. ಉಪ್ಪು ನೀರಿಗೆ ಬಿದ್ದೊಡನೆ ಅದರಲ್ಲಿನ ಸೋಡಿಯಂ ಮತ್ತು ಕ್ಲೋರಿನ್ ವಿದ್ಯುದಾವೇಶವುಳ್ಳ ಕಣಗಳಾಗಿ ಬೇರ್ಪಡುತ್ತವೆ. ಇವನ್ನೇ ಅಯಾನುಗಳೆಂದು ಕರೆಯುತ್ತಾರೆ. ನೀರಿನ ಅಣುಗಳು ಇವನ್ನು ಸುತ್ತುವರಿದು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ಎಣ್ಣೆಯ ಅಣುಗಳಿಗೆ ಆ ಸಾಮರ್ಥ್ಯವಿಲ್ಲ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳುವಾದ ಪೊರೆ ಆವರಿಸಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು 2 ಲಕ್ಷದಲ್ಲೊಂದು ಪಾಲು. ಅದರ ಒಡಲು ಎಣ್ಣೆಯ ಸ್ವಭಾವದ್ದು. ಕೋಶದ ಒಳಗೆ ಪೊಟ್ಯಾಸಿಯಂ ಅಧಿಕ, ಹೊರಗೆ ಸೋಡಿಯಂ ಅಧಿಕ. ನರಗಳಲ್ಲಿ ಸಂದೇಶ ಹರಿಯುವುದೂ ಹೃದಯ ಮಿಡಿಯುವುದೂ ಈ ವ್ಯತ್ಯಾಸವನ್ನೇ ಆಧರಿಸಿವೆ. ಹಾಗಾದರೆ ಎಣ್ಣೆಯ ಈ ಗೋಡೆಯನ್ನು ಅಯಾನುಗಳು ದಾಟುವುದೆಂತು? ಅದರಲ್ಲೂ ಸೋಡಿಯಂ ಯಾವುದು, ಪೊಟ್ಯಾಸಿಯಂ ಯಾವುದು ಎಂಬುದನ್ನು ಪೊರೆ ಗುರುತಿಸುವುದೆಂತು? ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲಿದವರಲ್ಲಿ ಚಾರ್ಲ್ಸ್ ಪೆಡರ್ಸನ್ ಒಬ್ಬರು. ಆದರೆ ಅವರು ಅದನ್ನು ಅರಸಿ ಹೊರಟವರಲ್ಲ. ಡಾಕ್ಟರೇಟ್ ಪದವಿಯಿಲ್ಲದ ಒಬ್ಬ ಕೈಗಾರಿಕಾ ರಸಾಯನ ವಿಜ್ಞಾನಿ ಅವರು.

ಪೆಡರ್ಸನ್ ಜನಿಸಿದ್ದು 1904ರ ಅಕ್ಟೋಬರ್ 3ರಂದು, ಕೊರಿಯಾದ ಪುಸಾನ್ ನಗರದಲ್ಲಿ. ತಂದೆ ನಾರ್ವೆ ದೇಶದ ಎಂಜಿನಿಯರು. ಉತ್ತರ ಕೊರಿಯಾದ ಚಿನ್ನದ ಗಣಿಯಲ್ಲಿ ಅವರಿಗೆ ಉದ್ಯೋಗ. ತಾಯಿ ಜಪಾನಿನವರು. ಗಣಿಯ ಸುತ್ತಮುತ್ತ ತಕ್ಕ ಶಾಲೆ ಇರಲಿಲ್ಲ. ಆದುದರಿಂದ ಬಾಲಕನನ್ನು 8ನೆಯ ವಯಸ್ಸಿನಲ್ಲೇ ಜಪಾನಿನ ನಾಗಸಾಕಿಗೆ ಓದಲು ಕಳುಹಿಸಿದರು. ಬಳಿಕ ಯೊಕೊಹಾಮದ ಸೇಂಟ್ ಜೋಸೆಫ್ ಶಾಲೆಯಲ್ಲಿ ಅವರ ವ್ಯಾಸಂಗ ಸಾಗಿತು. ಅದು ಮೇರಿಯನಿಸ್ಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘದವರು ನಡೆಸುತ್ತಿದ್ದ ವಿದ್ಯಾಲಯ. ಮನೆಯಿಂದ ದೂರ ಬಂದ ಬಾಲಕರಿಗೆ ಧರ್ಮಸಂಸ್ಥೆಯ ಗುರುಗಳೇ ವಿದ್ಯೆಯ ದಾರಿ ತೋರಿದ ಈ ಸಂಗತಿ, ಮಠದ ನೆರಳಿನಲ್ಲಿ ಓದಿದ ನಮಗೆ ಅಪರಿಚಿತವೇನೂ ಅಲ್ಲ. 1922ರಲ್ಲಿ ಅಮೆರಿಕೆಗೆ ತೆರಳಿದ ಪೆಡರ್ಸನ್, ಅದೇ ಸಂಘದ ಡೇಟನ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪದವಿ ಗಳಿಸಿದರು. ಅನಂತರ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಯೇ ಉಳಿದು ಡಾಕ್ಟರೇಟ್ ಮಾಡಬೇಕೆಂದು ಅಧ್ಯಾಪಕರು ಸೂಚಿಸಿದರೂ ಅವರು ಒಪ್ಪಲಿಲ್ಲ. ಇನ್ನೂ ತಂದೆಯ ದುಡಿಮೆಯ ಮೇಲೆ ಓದುತ್ತಿದ್ದ ಅವರಿಗೆ ಸ್ವಂತ ಕಾಲಿನ ಮೇಲೆ ನಿಲ್ಲುವುದು ಮುಖ್ಯವಾಗಿತ್ತು. 1927ರಲ್ಲಿ ಡ್ಯುಪಾಂಟ್ ಕಂಪನಿಯನ್ನು ಸೇರಿದರು. ಮುಂದಿನ 42 ವರ್ಷ ಅವರು ಅದನ್ನು ಬಿಡಲಿಲ್ಲ.

ಅಲ್ಲಿ ಅವರಿಗೆ ಮೊದಲು ಹೆಸರು ತಂದುದು ಪೆಟ್ರೋಲಿಗೆ ಸಂಬಂಧಿಸಿದ ಕೆಲಸ. ಪೆಟ್ರೋಲಿನಲ್ಲಿ ಲವಲೇಶ ತಾಮ್ರ ಬೆರೆತರೂ ಅದು ಬೇಗ ಕೆಡುತ್ತದೆ. ತಾಮ್ರದ ಅಯಾನನ್ನು ಬಿಗಿಯಾಗಿ ಹಿಡಿದು ಅದರ ಉಪಟಳವನ್ನು ಅಡಗಿಸುವ ಸಂಯುಕ್ತಗಳನ್ನು ಪೆಡರ್ಸನ್ ಕಂಡುಹಿಡಿದರು. ಲೋಹದ ಅಯಾನನ್ನು ಅಣುವೊಂದು ಹಿಡಿದುಕೊಳ್ಳುವ ಬಗೆಯನ್ನು ಕುರಿತ ಅವರ ಆಸಕ್ತಿಗೆ ಇದೇ ಬೀಜ.

1960ರ ಸುಮಾರಿಗೆ ಅವರು ವೆನೇಡಿಯಂ ಲೋಹವನ್ನು ಬಂಧಿಸಬಲ್ಲ ಒಂದು ಸಂಯುಕ್ತವನ್ನು ತಯಾರಿಸಲು ತೊಡಗಿದರು. ಕ್ಯಾಟೆಕಾಲ್ ಎಂಬ ಮೂಲವಸ್ತುವಿನ ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯನ್ನು ಮಾತ್ರ ಕ್ರಿಯೆಗೆ ಬಿಡುವುದು ಅವರ ಯೋಜನೆ. ಆದರೆ ಆ ವಸ್ತುವಿನಲ್ಲಿ ನೂರಕ್ಕೆ ಸುಮಾರು 10 ಪಾಲಿನಷ್ಟು ತುದಿ ಮುಚ್ಚದ ಕ್ಯಾಟೆಕಾಲ್ ಉಳಿದಿತ್ತು. ಅದು ಅವರಿಗೆ ತಿಳಿದೂ ಇತ್ತು. ಕ್ರಿಯೆ ಮುಗಿದಾಗ ಪಾತ್ರೆಯಲ್ಲಿ ಕಂದುಬಣ್ಣದ ಅಂಟು ಉಳಿಯಿತು. ಅದನ್ನು ಶುದ್ಧಿಗೊಳಿಸುವಾಗ ರೇಷ್ಮೆಯ ಎಳೆಗಳಂತಹ ಬಿಳಿಯ ಸ್ಫಟಿಕಗಳು ಅಲ್ಪ ಪ್ರಮಾಣದಲ್ಲಿ ದೊರೆತವು. ಇಳುವರಿ ನೂರಕ್ಕೆ 0.4 ಮಾತ್ರ! ಇವು ಅವರು ಬಯಸಿದ ವಸ್ತುವಲ್ಲ. ಕಶ್ಮಲದಿಂದ ಹುಟ್ಟಿದ ಉಪವಸ್ತು. ಚೆಲ್ಲಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಪೆಡರ್ಸನ್ ಚೆಲ್ಲಲಿಲ್ಲ, ಪರೀಕ್ಷಿಸಿದರು.

ಆ ಸ್ಫಟಿಕಗಳು ಮೆಥನಾಲ್ ದ್ರವದಲ್ಲಿ ಸುಲಭವಾಗಿ ಕರಗಲಿಲ್ಲ. ಕಾಸ್ಟಿಕ್ ಸೋಡ ಬೆರೆಸಿದೊಡನೆ ಕರಗಿದವು. ಕ್ಷಾರದ ಪ್ರಭಾವವೇ ಇದಕ್ಕೆ ಕಾರಣವೆಂದು ಯಾರೂ ಊಹಿಸಬಹುದಾಗಿತ್ತು. ಆದರೆ ಕ್ಷಾರಗುಣವೇ ಇಲ್ಲದ, ಮೆಥನಾಲಿನಲ್ಲಿ ಕರಗಬಲ್ಲ ಸೋಡಿಯಂ ಲವಣಗಳನ್ನು ಹಾಕಿದಾಗಲೂ ಸ್ಫಟಿಕಗಳು ಕರಗಿದವು. ಆದುದರಿಂದ ಕಾರಣ ಕ್ಷಾರವಲ್ಲ, ಸೋಡಿಯಂ! ಅಣುತೂಕವನ್ನು ಅಳೆದಾಗ, ಅವರು ನಿರೀಕ್ಷಿಸಿದ್ದ 180ಕ್ಕೆ ಬದಲು ಸರಿಯಾಗಿ ಅದರ ಇಮ್ಮಡಿ, ಎಂದರೆ 360 ಬಂದಿತು. ಆಗ ಗುಟ್ಟು ಬಯಲಾಯಿತು. ಈ ಅಣು 18 ಪರಮಾಣುಗಳ ಒಂದು ಬಳೆ. ಅದರಲ್ಲಿ 12 ಇಂಗಾಲ, 6 ಆಮ್ಲಜನಕ. ಬಳೆಯ ನಡುವಣ ರಂಧ್ರದಲ್ಲಿ ಸೋಡಿಯಂ ಅಯಾನು ಕುಳಿತಿತ್ತು. ಸಾಮಾನ್ಯ ಸಂಯುಕ್ತಗಳ ಕೈಗೆ ಸಿಕ್ಕದ ಸೋಡಿಯಂ, ಪೊಟ್ಯಾಸಿಯಂಗಳನ್ನು ಹೀಗೆ ಹಿಡಿಯಬಲ್ಲ ಸಂಶ್ಲೇಷಿತ ಅಣು ದೊರೆತುದು 1962ರಲ್ಲಿ. ಆಗ ಅವರ ವಯಸ್ಸು 57.

ಅಣುವಿನ ಮಾದರಿಯನ್ನು ಕಟ್ಟಿ ನೋಡಿದಾಗ ಅದು ರಾಜನ ಕಿರೀಟದಂತೆ ತೋರಿತು. ಅಯಾನಿನ ತಲೆಗೆ ಅದನ್ನು ತೊಡಿಸಬಹುದು, ತೆಗೆಯಲೂಬಹುದು. ಆದುದರಿಂದ ಈ ವರ್ಗಕ್ಕೆ ಅವರು ಕ್ರೌನ್ ಈಥರ್ ಎಂದು ಹೆಸರಿಟ್ಟರು. ಕಿರೀಟದ ಒಳಮುಖವಾಗಿರುವ ಆಮ್ಲಜನಕದ ಪರಮಾಣುಗಳು ಧನಾವೇಶದ ಅಯಾನನ್ನು ಆಕರ್ಷಿಸುತ್ತವೆ. ಹೊರಮೈ ಎಣ್ಣೆಯ ಸ್ವಭಾವದ್ದು. ಆದಕಾರಣ ಕಿರೀಟ ತೊಟ್ಟ ಅಯಾನು ಎಣ್ಣೆಯಂತಹ ದ್ರವಗಳಲ್ಲೂ ಕರಗುತ್ತದೆ. ಬೆಂಜೀನಿನಲ್ಲಿ ಕರಗದ ಪೊಟ್ಯಾಸಿಯಂ ಪರ್ಮಾಂಗನೇಟ್, ಕ್ರೌನ್ ಈಥರ್ ಸೇರಿಸಿದಾಗ ಕರಗಿ ಬೆಂಜೀನಿಗೆ ನೇರಳೆ ಬಣ್ಣ ತರುತ್ತದೆ.

ಇಲ್ಲಿ ಅಳತೆಯೇ ಸರ್ವಸ್ವ. ಒಂದು ಸೆಂಟಿಮೀಟರಿನ 10 ಕೋಟಿಯಲ್ಲೊಂದು ಭಾಗಕ್ಕೆ ಆಂಗ್‌ಸ್ಟ್ರಾಮ್ ಎಂದು ಹೆಸರು. 18 ಪರಮಾಣುಗಳ ಬಳೆಯ ರಂಧ್ರ 2.6ರಿಂದ 3.2 ಆಂಗ್‌ಸ್ಟ್ರಾಮ್, ಪೊಟ್ಯಾಸಿಯಂ ಅಯಾನಿನ ವ್ಯಾಸ 2.66. ಹೀಗಾಗಿ ಅದು ಕೈಗೊಪ್ಪುವ ಬಳೆಯಂತೆ ಹೊಂದುತ್ತದೆ. 1.9 ಆಂಗ್‌ಸ್ಟ್ರಾಮಿನ ಸೋಡಿಯಮಿಗೆ ಆ ಬಳೆ ಸಡಿಲ. ಅದಕ್ಕೆ 15 ಪರಮಾಣುಗಳ ಕಿರಿಯ ಬಳೆ ಹೆಚ್ಚು ಒಪ್ಪುತ್ತದೆ.

ನಿಸರ್ಗ ಈ ಉಪಾಯವನ್ನು ಎಂದೋ ಅರಿತಿತ್ತು. ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ವ್ಯಾಲಿನೋಮೈಸಿನ್ ಎಂಬ ಬಳೆಯಾಕಾರದ ಅಣು, ಪೊಟ್ಯಾಸಿಯಮನ್ನು ಒಡಲಲ್ಲಿಟ್ಟುಕೊಂಡು ದೋಣಿಯಂತೆ ಪೊರೆಯ ಈ ದಡದಿಂದ ಆ ದಡಕ್ಕೆ ಸಾಗಿಸುತ್ತದೆ. ಸೋಡಿಯಮಿಗಿಂತ ಪೊಟ್ಯಾಸಿಯಮನ್ನು ಅದು ಸುಮಾರು 10,000 ಪಟ್ಟು ಹೆಚ್ಚಾಗಿ ಆಯ್ದುಕೊಳ್ಳುತ್ತದೆ. ರಕ್ತದಲ್ಲಿನ ಪೊಟ್ಯಾಸಿಯಮನ್ನು ಅಳೆಯುವ ಉಪಕರಣಗಳಲ್ಲಿ ಇದು ಬಳಕೆಗೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಎನ್. ರಾಮಚಂದ್ರನ್ ಅವರು ಸ್ಥಾಪಿಸಿದ ಅಣುಜೀವಭೌತ ವಿಭಾಗದಲ್ಲಿ, ಇಂತಹ ಅಯಾನುವಾಹಕಗಳ ರಚನೆಯನ್ನು ಕುರಿತು ಕೆ. ಆರ್. ಕೆ. ಈಶ್ವರನ್ ಅವರೂ ಅವರ ಸಹೋದ್ಯೋಗಿಗಳೂ ಸಂಶೋಧನೆ ನಡೆಸಿದುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ.

ಪೆಡರ್ಸನ್ ತಮ್ಮ ಫಲಿತಾಂಶಗಳನ್ನು ವಿಸ್ತಾರವಾಗಿ ಪ್ರಕಟಿಸಿದುದು 1967ರಲ್ಲಿ, ನಿವೃತ್ತರಾದುದು 1969ರಲ್ಲಿ. ಅವರು ತೆರೆದ ದಾರಿಯಲ್ಲಿ ಫ್ರಾನ್ಸಿನ ಜಾನ್ ಮರೀ ಲೆನ್ ಬಳೆಯ ಬದಲು ಪಂಜರದಂತಹ ಅಣುಗಳನ್ನು ರಚಿಸಿದರು. ಅಮೆರಿಕೆಯ ಡೊನಾಲ್ಡ್ ಕ್ರ್ಯಾಮ್, ಅಯಾನು ಬರುವ ಮುನ್ನವೇ ಅದಕ್ಕೆ ತಕ್ಕ ಪೀಠವನ್ನು ಅಣಿಗೊಳಿಸಿಕೊಂಡಿರುವ ಅಣುಗಳನ್ನು ನಿರ್ಮಿಸಿದರು. 1987ರಲ್ಲಿ ಈ ಮೂವರಿಗೂ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. 1998ರಲ್ಲಿ ರೊಡೆರಿಕ್ ಮ್ಯಾಕಿನನ್ ಜೀವಕೋಶದ ಪೊಟ್ಯಾಸಿಯಂ ನಾಲೆಯ ರಚನೆಯನ್ನು ಬಿಡಿಸಿ ತೋರಿಸಿದಾಗ, ಅಲ್ಲಿಯೂ ಆಮ್ಲಜನಕದ ಪರಮಾಣುಗಳೇ ಅಳತೆಗೆ ತಕ್ಕಂತೆ ನಿಂತು ಪೊಟ್ಯಾಸಿಯಮನ್ನು ಬರಮಾಡಿಕೊಳ್ಳುವುದು ಕಂಡಿತು. ಆ ಕಾರ್ಯಕ್ಕೆ 2003ರಲ್ಲಿ ನೊಬೆಲ್ ಗೌರವ ದೊರೆಯಿತು. ಇದನ್ನು ಕಾಣಲು ಪೆಡರ್ಸನ್ ಇರಲಿಲ್ಲ. 1989ರ ಅಕ್ಟೋಬರ್ 26ರಂದು ಅವರು ನಿಧನರಾಗಿದ್ದರು.

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ನಮ್ಮ ಶರಣರು ಸಾರಿದರು. ಕಾರ್ಖಾನೆಯ ಕೆಲಸವನ್ನು ಪೆಡರ್ಸನ್ ಕೀಳೆಂದು ಬಗೆಯಲಿಲ್ಲ. ಬೇಡದ ವಸ್ತುವೆಂದು ಆ 0.4 ಪಾಲನ್ನು ಕಡೆಗಣಿಸಲೂ ಇಲ್ಲ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಲೆಕ್ಕಕ್ಕೆ ಸಿಗದ ಉತ್ತರ ಬಂದಾಗ, ಪುಸ್ತಕದ ಉತ್ತರವನ್ನೇ ಬರೆದು ಒಪ್ಪಿಸುವ ಆತುರ ವಿದ್ಯಾರ್ಥಿಗಳಿಗೆ ಸಹಜ. ಹಾಗೆ ಬರೆಯುವ ಮುನ್ನ ಕೊಳವೆಯ ತಳದಲ್ಲಿ ಉಳಿದುದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳಿತು.